ಎನ್‌ಎಲ್‌ಪಿಯನ್ನು ಎಷ್ಟು ನಂಬಬಹುದು?

ಹಾವು, ಲಿಫ್ಟು, ವಿಮಾನ, ವೇದಿಕೆ, ಯಾವುದರ ಭಯವೇ ಇರಲಿ, ಹತ್ತು ಹದಿನೈದು ನಿಮಿಷದಲ್ಲಿ ಹೋಗಲಾಡಿಸಬಹುದು. ಎದುರಿಗೆ ಕೂತವರ ಕಣ್ಣು ಯಾವ ಕಡೆ ಹೊರಳಿತು ಎಂದು ಗಮನಿಸಿದರೆ ಅವರು ಹೇಳುತ್ತಿರುವುದು ನಿಜವೋ ಸುಳ್ಳೋ ಗೊತ್ತಾಗುತ್ತದೆ. ಗಿರಾಕಿ ಬಳಸುವ ಮಾತುಗಳನ್ನೇ ಹಿಡಿದು ಮಾತಾಡಿದರೆ ವ್ಯಾಪಾರ ಕುದುರುತ್ತದೆ. ಗೆದ್ದವರ ಮನಸ್ಸು ಹೇಗೆ ಓಡುತ್ತದೆಂದು ಬಿಡಿಸಿ ನೋಡಿ ನಮ್ಮ ಮನಸ್ಸಿಗೂ ಅದೇ ಓಟ ಕಲಿಸಬಹುದು. ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಚಿಕ್ಕದಾಗಿ ಎನ್‌ಎಲ್‌ಪಿ, ಕೊಡುವ ಭರವಸೆಗಳು ಇವು.

ವಾರಾಂತ್ಯ ಬಂತೆಂದರೆ ಬೆಂಗಳೂರಿನ ಹೋಟೆಲ್ ಸಭಾಂಗಣಗಳಲ್ಲಿ ಇದರ ತರಬೇತಿಗಳು ನಡೆಯುತ್ತವೆ. ಐಟಿ ಕಂಪನಿಯ ಟೀಮ್ ಲೀಡರ್, ವಿಮಾ ಏಜೆಂಟ್, ಶಾಲಾ ಶಿಕ್ಷಕಿ, ಕೌನ್ಸೆಲಿಂಗ್ ಕಲಿತು ನಾಲ್ಕು ಜನಕ್ಕೆ ನೆರವಾಗಬೇಕೆಂದು ಬಂದವರು, ಎಲ್ಲರೂ ಅಲ್ಲಿರುತ್ತಾರೆ. ಪ್ರಾಕ್ಟೀಷನರ್, ಮಾಸ್ಟರ್ ಪ್ರಾಕ್ಟೀಷನರ್, ಟ್ರೈನರ್ ಎಂದು ಮೆಟ್ಟಿಲುಗಳಿವೆ. ಮೆಟ್ಟಿಲು ಏರಿದಂತೆ ಶುಲ್ಕವೂ ಏರುತ್ತದೆ. ಇದು ಆಫೀಸಿನ ತರಬೇತಿಯಾಗಿಯೇ ಉಳಿದಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಖಿನ್ನತೆ, ಪ್ಯಾನಿಕ್, ಕುಡಿತದ ಚಟ, ಮಕ್ಕಳ ಓದಿನ ತೊಂದರೆ, ಇವಕ್ಕೆಲ್ಲ ಔಷಧವಿಲ್ಲದ ಪರಿಹಾರ ಎಂಬ ಮಾತೂ ಇದರ ಜೊತೆ ಸೇರಿಕೊಂಡಿದೆ. ಕಾಯಿಲೆಯ ಮಾತು ಬಂದ ಮೇಲೆ ಪುರಾವೆ ಕೇಳುವುದು ನಮ್ಮ ಹಕ್ಕು.

ಕಥೆ ಶುರುವಾಗುವುದು 1970ರ ದಶಕದ ಮೊದಲ ವರ್ಷಗಳಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ. ರಿಚರ್ಡ್ ಬ್ಯಾಂಡ್ಲರ್ ಅಲ್ಲಿ ವಿದ್ಯಾರ್ಥಿ. ಗೆಸ್ಟಾಲ್ಟ್ ಚಿಕಿತ್ಸೆಯ ಗುರು ಫ್ರಿಟ್ಜ್ ಪರ್ಲ್ಸ್ 1970ರಲ್ಲಿ ತೀರಿಕೊಂಡಿದ್ದರು. ಅವರ ಧ್ವನಿಮುದ್ರಿಕೆಗಳನ್ನು ಬರಹಕ್ಕಿಳಿಸುವ ಕೆಲಸ ಬ್ಯಾಂಡ್ಲರ್ ಪಾಲಿಗೆ ಬಂತು. ಕೇಳುತ್ತ ಕೇಳುತ್ತ ಪರ್ಲ್ಸ್ ಮಾತಿನ ವರಸೆಯೇ ಅವರಿಗೆ ಕರಗತವಾಯಿತು. ಅದೇ ಕ್ಯಾಂಪಸ್ಸಿನಲ್ಲಿ ಜಾನ್ ಗ್ರಿಂಡರ್ ಭಾಷಾವಿಜ್ಞಾನ ಕಲಿಸುತ್ತಿದ್ದರು. ನೋಮ್ ಚಾಮ್‌ಸ್ಕಿಯ ವ್ಯಾಕರಣದಲ್ಲಿ ಪಳಗಿದವರು. ಪರ್ಲ್ಸ್, ಕುಟುಂಬ ಚಿಕಿತ್ಸೆಯಲ್ಲಿ ಹೆಸರು ಮಾಡಿದ್ದ ವರ್ಜೀನಿಯಾ ಸಟೀರ್, ಅರಿಜೋನಾದ ಫೀನಿಕ್ಸ್‌ನಲ್ಲಿದ್ದ ಸಂಮೋಹನ ತಜ್ಞ ಮಿಲ್ಟನ್ ಎರಿಕ್ಸನ್, ಈ ಮೂವರು ರೋಗಿಗಳೊಂದಿಗೆ ಮಾತಾಡುವಾಗ ನಿಜಕ್ಕೂ ಏನು ಮಾಡುತ್ತಾರೆ, ಅದನ್ನು ಬೇರೆಯವರಿಗೂ ಕಲಿಸಲು ಬರುತ್ತದೆಯೇ ಎಂಬುದು ಇಬ್ಬರೂ ಎತ್ತಿಕೊಂಡ ಪ್ರಶ್ನೆ. 1975ರಲ್ಲಿ ಬಂದ ‘ದಿ ಸ್ಟ್ರಕ್ಚರ್ ಆಫ್ ಮ್ಯಾಜಿಕ್’ ಅದರ ಮೊದಲ ಫಲ. ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್‌ಸನ್ ಅದಕ್ಕೆ ಮುನ್ನುಡಿ ಬರೆದರು.

ಈ ಪ್ರಶ್ನೆ ಒಳ್ಳೆಯದೇ ಎಂದು ನನಗೆ ಅನಿಸುತ್ತದೆ. ಒಬ್ಬ ನುರಿತ ಚಿಕಿತ್ಸಕಿ ಕೂತಲ್ಲೇ ಕೂತು ಎದುರಿನವರ ಮನಸ್ಸು ಹಗುರ ಮಾಡುವುದನ್ನು ನೋಡಿ ‘ಅದು ಅವರ ಕೈಗುಣ’ ಎಂದು ಸುಮ್ಮನಾಗದೆ, ಏನು ಮಾಡಿದರು ಎಂದು ಬಿಡಿಸಿ ನೋಡುವ ಹಟ ಮೆಚ್ಚುವಂಥದ್ದು. ಆದರೆ ನೋಡಿದ್ದನ್ನು ಬರೆದಿಡುವುದು ಒಂದು ಕೆಲಸ, ಬರೆದದ್ದು ನಿಜವೇ ಎಂದು ಒರೆಗೆ ಹಚ್ಚುವುದು ಇನ್ನೊಂದು. ಎರಡನೆಯದನ್ನು ಅವರು ಮಾಡಲಿಲ್ಲ. ಪುಸ್ತಕದ ಹಿಂದೆಯೇ ಶಿಬಿರಗಳು ಬಂದವು, ಶಿಬಿರಗಳ ಹಿಂದೆ ಸರ್ಟಿಫಿಕೇಟುಗಳು. ಇಬ್ಬರೂ ಮಿದುಳು ಸಂಶೋಧಕರಲ್ಲ. ಮಿದುಳಿನ ಕುರಿತು ಅವರು ಹೇಳಿದ್ದರ ಹಿಂದೆ ಪ್ರಯೋಗಾಲಯದ ಕೆಲಸ ಇರಲಿಲ್ಲ.

ಎನ್‌ಎಲ್‌ಪಿಯ ಒಳಗೆ ಏನಿದೆ ಎಂಬುದಕ್ಕೆ ಅದರ ಅತ್ಯುತ್ತಮ ಭಾಗದಿಂದಲೇ ಶುರು ಮಾಡುತ್ತೇನೆ. ಗ್ರಿಂಡರ್ ವ್ಯಾಕರಣದಿಂದ ತಂದದ್ದು ಅದು, ‘ಮೆಟಾ ಮಾಡೆಲ್’ ಎನ್ನುತ್ತಾರೆ. ನಾವು ಮಾತಾಡುವಾಗ ಅನುಭವದ ಎಷ್ಟೋ ಅಂಶಗಳನ್ನು ಬಿಟ್ಟುಬಿಡುತ್ತೇವೆ, ತಿರುಚುತ್ತೇವೆ, ಒಂದೆರಡು ಸಲ ಆದದ್ದನ್ನು ‘ಯಾವಾಗಲೂ ಹೀಗೇ’ ಎಂದು ಹಿಗ್ಗಿಸುತ್ತೇವೆ. ಬಿಟ್ಟದ್ದನ್ನು ಪ್ರಶ್ನೆ ಕೇಳಿ ಹೊರಗೆ ತೆಗೆಯಬೇಕು ಎಂಬುದು ಇದರ ತಿರುಳು. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದು ಇಂಜಿನಿಯರಿಂಗ್ ಸೇರಿದ ಹುಡುಗಿಯೊಬ್ಬಳು ಮೇಷ್ಟರ ಬಳಿ ಹೋಗಿ, “ಸರ್, ನನ್ ಕೈಲಿ ಇಂಗ್ಲಿಷ್ ಆಗಲ್ಲ” ಅನ್ನುತ್ತಾಳೆ ಎಂದಿಟ್ಟುಕೊಳ್ಳಿ.

“ಇಂಗ್ಲಿಷಲ್ಲಿ ಯಾವುದಮ್ಮಾ ಆಗಲ್ಲ? ಓದೋದಾ, ಬರೆಯೋದಾ?”

“ಓದ್ತೀನಿ ಸರ್. ಮಾತಾಡಕ್ಕಾಗಲ್ಲ.”

“ಯಾರ ಹತ್ರಾನೂ?”

“ರೂಮಲ್ಲಿ ಫ್ರೆಂಡ್ಸ್ ಹತ್ರ ಹೇಗೋ ಆಡ್ತೀನಿ. ಕ್ಲಾಸಲ್ಲಿ ಎದ್ದು ನಿಂತ್ರೆ ಬರಲ್ಲ. ಎಲ್ರೂ ನಗ್ತಾರೆ.”

“ಎಲ್ರೂನಾ? ಹೋದ್ಸಲ ನಕ್ಕವರು ಎಷ್ಟು ಜನ?”

“...ಇಬ್ರು.”

‘ಇಂಗ್ಲಿಷ್ ಆಗಲ್ಲ’ ಎಂಬ ಬೆಟ್ಟ ‘ಕ್ಲಾಸಿನಲ್ಲಿ ಎದ್ದು ನಿಂತಾಗ ಇಬ್ಬರು ನಗುತ್ತಾರೆ’ ಎಂಬಲ್ಲಿಗೆ ಇಳಿಯಿತು. ಈಗ ಅದಕ್ಕೆ ಏನಾದರೂ ಮಾಡಬಹುದು. ಇದು ಉಪಯುಕ್ತ ಕಲೆ, ಸಂಶಯವಿಲ್ಲ. ಆದರೆ ಎನ್‌ಎಲ್‌ಪಿಗಿಂತ ಮೊದಲೇ ಆರನ್ ಬೆಕ್, ಆಲ್ಬರ್ಟ್ ಎಲಿಸ್ ಮೊದಲಾದವರು ಕಾಗ್ನಿಟಿವ್ ಚಿಕಿತ್ಸೆಯಲ್ಲಿ ರೋಗಿಯ ‘ಯಾವಾಗಲೂ’, ‘ಯಾರೂ’, ‘ಆಗುವುದೇ ಇಲ್ಲ’ಗಳನ್ನು ಹೀಗೆಯೇ ಹಿಡಿದು ಪ್ರಶ್ನಿಸುತ್ತಿದ್ದರು. ಅವರ ದಾರಿಯಲ್ಲಿ ಮುಂದೆ ನೂರಾರು ಪ್ರಯೋಗಗಳು ನಡೆದವು. ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಇಲ್ಲ ಎಂಬುದು ದಾಖಲಾಗಿದೆ.

ಉಳಿದ ತಂತ್ರಗಳಲ್ಲಿ ಹಲವು ಹೀಗೆಯೇ ಎರವಲು. ಒಂದು ಸಂತೋಷದ ಗಳಿಗೆಯನ್ನು ಗಾಢವಾಗಿ ನೆನೆಯುತ್ತ ಬೆರಳ ಗೆಣ್ಣು ಒತ್ತಿಕೊಳ್ಳುವುದು, ಮುಂದೆ ಬೇಕಾದಾಗ ಅದೇ ಗೆಣ್ಣು ಒತ್ತಿ ಆ ಭಾವ ಮರಳಿಸಿಕೊಳ್ಳುವುದು ‘ಆಂಕರಿಂಗ್’. ಇದರ ಮೂಲ ಪಾವ್ಲೋವ್‌ನ ನಾಯಿಗಳ ಪ್ರಯೋಗ. ಘಟನೆಯನ್ನು ಬೇರೆ ಚೌಕಟ್ಟಿನಲ್ಲಿಟ್ಟು ನೋಡಿಸುವ ‘ರೀಫ್ರೇಮಿಂಗ್’ ಕುಟುಂಬ ಚಿಕಿತ್ಸಕರಲ್ಲಿ ಆಗಲೇ ಬಳಕೆಯಲ್ಲಿತ್ತು. ಎದುರಿನವರ ಕೂರುವ ಭಂಗಿ, ಮಾತಿನ ವೇಗವನ್ನು ಮೆಲ್ಲಗೆ ಅನುಸರಿಸುವ ‘ಮಿರರಿಂಗ್’ ವಿಷಯದಲ್ಲಿ ಸ್ವಲ್ಪ ಹುರುಳಿದೆ. 1999ರಲ್ಲಿ ಟಾನ್ಯಾ ಚಾರ್ಟ್ರಂಡ್ ಮತ್ತು ಜಾನ್ ಬಾರ್ಗ್ ನಡೆಸಿದ ಪ್ರಯೋಗದಲ್ಲಿ, ತಮ್ಮ ಭಂಗಿಯನ್ನು ಅನುಸರಿಸಿದವರ ಬಗ್ಗೆ ಜನರಿಗೆ ತುಸು ಹೆಚ್ಚು ಒಲವು ಮೂಡಿತು. ನೆದರ್‌ಲೆಂಡ್ಸಿನ ಹೋಟೆಲೊಂದರಲ್ಲಿ ಗ್ರಾಹಕರು ಹೇಳಿದ ಆರ್ಡರನ್ನು ಅವರದೇ ಪದಗಳಲ್ಲಿ ತಿರುಗಿ ಹೇಳಿದ ಪರಿಚಾರಿಕೆಗೆ ಟಿಪ್ಸ್ ಹೆಚ್ಚು ಸಿಕ್ಕಿತು. ಈ ಸಂಶೋಧನೆಗಳು ಬಂದದ್ದು ಸಾಮಾಜಿಕ ಮನೋವಿಜ್ಞಾನದಿಂದ. ಪರಿಣಾಮವೂ ಸಣ್ಣದು. ಎದುರಿನವರ ಮನಸ್ಸನ್ನು ವಶ ಮಾಡಿಕೊಳ್ಳುವ ಮಂತ್ರವೇನೂ ಇದರಲ್ಲಿಲ್ಲ.

ಹಾಗಾದರೆ ಎನ್‌ಎಲ್‌ಪಿಯದೇ ಸ್ವಂತದ್ದು ಯಾವುದು? ಎರಡು ಮುಖ್ಯ. ಪ್ರತಿಯೊಬ್ಬರಿಗೂ ದೃಶ್ಯ, ಶ್ರವಣ, ಸ್ಪರ್ಶ ಇವುಗಳಲ್ಲಿ ಒಂದು ಮೆಚ್ಚಿನ ದಾರಿ ಇರುತ್ತದೆ, ಅದು ಅವರ ಪದಗಳಲ್ಲಿ ಕಾಣುತ್ತದೆ ಎಂಬುದು ಒಂದು. ‘ನನಗೆ ಕಾಣ್ತಾ ಇದೆ’ ಅನ್ನುವವರು ದೃಶ್ಯದವರು, ‘ಕೇಳೋಕೆ ಚೆನ್ನಾಗಿದೆ’ ಅನ್ನುವವರು ಶ್ರವಣದವರು. ಅವರ ದಾರಿಯ ಪದ ಬಳಸಿದರೆ ಅವರು ನಮ್ಮವರಾಗುತ್ತಾರೆ. ಎರಡನೆಯದು ಕಣ್ಣಿನ ನಕ್ಷೆ. ಬಲಗೈ ಬಳಸುವವರ ಕಣ್ಣು ಅವರ ಎಡಕ್ಕೆ ಮೇಲೆ ಹೋದರೆ ನೋಡಿದ್ದನ್ನು ನೆನೆಯುತ್ತಿದ್ದಾರೆ, ಬಲಕ್ಕೆ ಮೇಲೆ ಹೋದರೆ ನೋಡದ್ದನ್ನು ಕಟ್ಟುತ್ತಿದ್ದಾರೆ. ಸುಳ್ಳು ಹಿಡಿಯಲು ಇದನ್ನು ಬಳಸಬಹುದೆಂದು ಮೂಲ ಇಬ್ಬರೂ ಒತ್ತಿ ಹೇಳಿರಲಿಲ್ಲ. ಬಲಕ್ಕೆ ನೋಡಿದರೆ ಸುಳ್ಳು ಎಂದು ಸೇರಿಸಿದವರು ಅವರ ನಂತರ ಬಂದ ತರಬೇತುದಾರರು. ಇಂದು ಸಂದರ್ಶನ ನಡೆಸುವ ಎಚ್‌ಆರ್ ಸಿಬ್ಬಂದಿಯೂ ಇದನ್ನು ನಂಬುವುದುಂಟು.

ಬ್ರಿಟನ್ನಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ರಿಚರ್ಡ್ ವೈಸ್‌ಮನ್, ಎಡಿನ್‌ಬರೋದ ಕ್ಯಾರೊಲಿನ್ ವಾಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ ಬಗೆಯನ್ನು ತುಸು ಹತ್ತಿರದಿಂದ ನೋಡೋಣ. ಫಲಿತಾಂಶ 2012ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಬಂತು. ಬಲಗೈ ಬಳಸುವ 32 ಜನರನ್ನು ಒಬ್ಬೊಬ್ಬರಾಗಿ ಒಂದು ಆಫೀಸು ಕೋಣೆಗೆ ಕಳಿಸಿದರು. ಒಮ್ಮೆ ಅವರು ಮೊಬೈಲ್ ಫೋನನ್ನು ಮೇಜಿನ ಡ್ರಾಯರಿನಲ್ಲಿ ಇಡಬೇಕು, ಇನ್ನೊಮ್ಮೆ ತಮ್ಮ ಬಳಿಯೇ ಬಚ್ಚಿಟ್ಟುಕೊಳ್ಳಬೇಕು. ಹೊರಬಂದ ಮೇಲೆ ಎರಡು ಸಲವೂ ‘ಡ್ರಾಯರಿನಲ್ಲಿ ಇಟ್ಟೆ’ ಎಂದೇ ವಿವರಿಸಬೇಕು. ಮಾತು ಒಂದೇ, ಒಂದು ಸಲ ನಿಜ, ಒಂದು ಸಲ ಸುಳ್ಳು. ಮುಖವನ್ನು ಚಿತ್ರೀಕರಿಸಿ, ಯಾವುದು ನಿಜ ಯಾವುದು ಸುಳ್ಳು ಎಂದು ತಿಳಿಯದವರಿಂದ ಕಣ್ಣಿನ ಚಲನೆ ಎಣಿಸಿದರು. ಎರಡರಲ್ಲೂ ಕಣ್ಣು ಒಂದೇ ರೀತಿ ಓಡಿತ್ತು. ನಕ್ಷೆ ಹೇಳುವ ವ್ಯತ್ಯಾಸ ಕಾಣಲಿಲ್ಲ.

ತರಬೇತಿ ಪಡೆದ ಕಣ್ಣಿಗೆ ಏನಾದರೂ ಕಾಣಬಹುದೇನೋ ಎಂದು ಎರಡನೇ ಪ್ರಯೋಗ. 50 ಜನರಲ್ಲಿ ಅರ್ಧ ಮಂದಿಗೆ ಕಣ್ಣಿನ ನಕ್ಷೆ ಹೇಳಿಕೊಟ್ಟು ಅವೇ ಚಿತ್ರಗಳನ್ನು ತೋರಿಸಿದರು. ಹೇಳಿಸಿಕೊಂಡವರು ಹೇಳಿಸಿಕೊಳ್ಳದವರಿಗಿಂತ ಒಂದಿಷ್ಟೂ ಮುಂದೆ ಹೋಗಲಿಲ್ಲ. ಪ್ರಯೋಗಾಲಯದ ಸುಳ್ಳಿಗೆ ಜೀವನದ ಸುಳ್ಳಿನಷ್ಟು ತೂಕವಿಲ್ಲ ಎಂಬ ಆಕ್ಷೇಪ ಬರಬಹುದಲ್ಲ? ಮೂರನೆಯದರಲ್ಲಿ, ಮನೆಯವರು ಕಾಣೆಯಾಗಿದ್ದಾರೆ, ಹುಡುಕಿಕೊಡಿ ಎಂದು ಪತ್ರಿಕಾಗೋಷ್ಠಿಯಲ್ಲಿ ಬೇಡಿಕೊಂಡವರ 52 ವಿಡಿಯೊಗಳನ್ನು ತೆಗೆದುಕೊಂಡರು. ಅವರಲ್ಲಿ ಅರ್ಧದಷ್ಟು ಜನ ಸುಳ್ಳು ಹೇಳಿದ್ದರೆಂದು ನಂತರ ಗೊತ್ತಾಗಿತ್ತು. ಅಲ್ಲಿಯೂ ಕಣ್ಣು ಏನನ್ನೂ ಹೇಳಲಿಲ್ಲ.

ಸುಳ್ಳು ಹಿಡಿಯುವುದು ಮನುಷ್ಯರಿಗೆ ಎಷ್ಟು ಕಷ್ಟ ಎಂಬುದಕ್ಕೂ ಲೆಕ್ಕವಿದೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ತೀರ್ಪುಗಳನ್ನು ಒಟ್ಟು ಮಾಡಿ ನೋಡಿದಾಗ ಸರಿ ಉತ್ತರ ಸರಾಸರಿ ಶೇ 54. ನಾಣ್ಯ ಚಿಮ್ಮಿದರೆ ಶೇ 50 ಸಿಗುತ್ತದೆ. ಸುಳ್ಳು ಪತ್ತೆಯ ಅತಿಯಾಸೆ ಎಲ್ಲಿಗೆ ಹೋಗಬಹುದು ಎಂಬುದನ್ನು ಕನ್ನಡಿಗರು ಬಲ್ಲರು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಬ್ರೈನ್ ಮ್ಯಾಪಿಂಗ್‌ಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸುವಂತಿಲ್ಲ ಎಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತ ಪ್ರಕರಣದ ಹೆಸರೇ ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’. ಯಂತ್ರಗಳ ಗತಿಯೇ ಹೀಗಿರುವಾಗ ಸಂದರ್ಶನಕ್ಕೆ ಬಂದ ಹುಡುಗನ ಕಣ್ಣು ಬಲಕ್ಕೆ ಹೋಯಿತೆಂದು ಅವನನ್ನು ಸುಳ್ಳುಗಾರ ಅನ್ನುವುದು ಅನ್ಯಾಯ. ಇದನ್ನು ನಾನು ಕಠಿಣವಾಗಿಯೇ ಹೇಳುತ್ತೇನೆ. ಉದ್ಯೋಗ ಕೊಡುವವರು ಇದನ್ನು ಕೈಬಿಡಬೇಕು.

‘ಮೆಚ್ಚಿನ ದಾರಿ’ಯ ಗತಿಯೂ ಭಿನ್ನವಾಗಿಲ್ಲ. ಆಸ್ಟ್ರೇಲಿಯಾದ ಕ್ರಿಸ್ಟೊಫರ್ ಶಾರ್ಪ್ಲಿ 1984ರಲ್ಲಿ ಒಮ್ಮೆ, 1987ರಲ್ಲಿ ಇನ್ನೊಮ್ಮೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದರು. ಒಬ್ಬರ ಪದ, ಅವರ ಕಣ್ಣು, ಅವರೇ ತಮ್ಮ ಬಗ್ಗೆ ಹೇಳುವುದು, ಈ ಮೂರೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಪದ ಹೊಂದಿಸಿ ಮಾತಾಡಿದ್ದರಿಂದ ಕೌನ್ಸೆಲಿಂಗ್‌ನಲ್ಲಿ ನಂಬಬಹುದಾದಂಥ ಲಾಭವೂ ಕಾಣಲಿಲ್ಲ. ಅದೇ ಹೊತ್ತಿಗೆ ಅಮೆರಿಕದ ಸೇನೆಗೂ ಈ ಪ್ರಶ್ನೆ ಬಂದಿತ್ತು. ಸೈನಿಕರ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಬಂದ ನಾನಾ ತಂತ್ರಗಳನ್ನು ತೂಗಿ ನೋಡಲು ಅದು ನ್ಯಾಷನಲ್ ರಿಸರ್ಚ್ ಕೌನ್ಸಿಲನ್ನು ಕೋರಿತು. 1988ರ ವರದಿ ಎನ್‌ಎಲ್‌ಪಿಯ ಪರಿಣಾಮಕ್ಕೆ ಪುರಾವೆ ಸಿಕ್ಕಿಲ್ಲ ಎಂದಿತು. ನುರಿತವರನ್ನು ಗಮನಿಸಿ ಕಲಿಯುವ ಮೂಲ ಯೋಚನೆಯನ್ನು ಮಾತ್ರ ಮೆಚ್ಚಿಕೊಂಡಿತು.

ಇದೇ ಮೂರು ಇಂದ್ರಿಯಗಳ ವಿಂಗಡಣೆಯ ನೆಂಟನೊಬ್ಬ ನಮ್ಮ ಶಾಲೆಗಳಲ್ಲಿದ್ದಾನೆ. ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು, ಮಾಡಿ ಕಲಿಯುವ ಮಗು ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಬೇಕು ಎಂಬ ನಂಬಿಕೆ. ಹೆರಾಲ್ಡ್ ಪಾಶ್ಲರ್ ಮತ್ತು ಮೂವರು ಸಹೋದ್ಯೋಗಿಗಳು 2008ರಲ್ಲಿ ಇದರ ಪುರಾವೆಗಳನ್ನು ಜರಡಿ ಹಿಡಿದರು. ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ. ಭೂಪಟ ಎಲ್ಲರಿಗೂ ನೋಡಿಯೇ ತಿಳಿಯಬೇಕು, ರಾಗ ಎಲ್ಲರಿಗೂ ಕೇಳಿಯೇ ತಿಳಿಯಬೇಕು. ಪಾಠದ ವಸ್ತು ಯಾವ ಇಂದ್ರಿಯ ಬೇಡುತ್ತದೆ ಎಂಬುದು ಮುಖ್ಯ. ‘ನಿನ್ನದು ಕೇಳಿ ಕಲಿಯುವ ಮಿದುಳು’ ಎಂದು ಎಂಟು ವರ್ಷದ ಮಗುವಿಗೆ ಹಣೆಪಟ್ಟಿ ಹಚ್ಚಿದರೆ ಅದು ಓದುವುದನ್ನೇ ಬಿಟ್ಟುಬಿಡಬಹುದು ಎಂಬುದು ನನ್ನ ಭಯ.

ಸಂವಹನದಲ್ಲಿ ಪದಗಳ ಪಾಲು ಬರೀ ಶೇ 7, ದನಿ ಶೇ 38, ಮುಖಭಾವ ಶೇ 55 ಎಂಬ ಲೆಕ್ಕವನ್ನೂ ಇಂಥ ತರಬೇತಿಗಳಲ್ಲಿ ಕೇಳಿರುತ್ತೀರಿ. ಅದು ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ, ಇಷ್ಟಾನಿಷ್ಟದ ಭಾವನೆಗಳಿಗಷ್ಟೇ ಸಂಬಂಧಿಸಿದ ಪ್ರಯೋಗಗಳಿಂದ ಬಂದದ್ದು. ಎಲ್ಲ ಮಾತಿಗೂ ಅದನ್ನು ಅನ್ವಯಿಸಬಾರದೆಂದು ಅವರೇ ತಿಳಿಸಿದ್ದಾರೆ.

ಇನ್ನು ಆ ಹತ್ತು ನಿಮಿಷದ ಭಯ ನಿವಾರಣೆ. ಎನ್‌ಎಲ್‌ಪಿಯ ತಂತ್ರಗಳಲ್ಲೆಲ್ಲ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಇದೇ. ಮಾಡುವ ಕ್ರಮ ಹೀಗೆ. ಕಣ್ಣು ಮುಚ್ಚಿ ಒಂದು ಖಾಲಿ ಚಿತ್ರಮಂದಿರದಲ್ಲಿ ಕೂತಿದ್ದೇನೆಂದು ಕಲ್ಪಿಸಿಕೊಳ್ಳಬೇಕು. ನಂತರ ಆಸನದಿಂದ ತೇಲಿಹೋಗಿ ಪ್ರೊಜೆಕ್ಟರ್ ಕೋಣೆಯಲ್ಲಿ ನಿಂತು, ಕೆಳಗೆ ಕೂತ ತನ್ನನ್ನು ತಾನೇ ನೋಡಬೇಕು. ಪರದೆಯ ಮೇಲೆ ತನ್ನ ಭಯದ ಘಟನೆ ಕಪ್ಪು ಬಿಳುಪಿನಲ್ಲಿ ಓಡುತ್ತದೆ, ಹಾವು ಕಾಣುವ ಮುಂಚಿನ ನೆಮ್ಮದಿಯ ಗಳಿಗೆಯಿಂದ ಅಪಾಯ ಕಳೆದ ಗಳಿಗೆಯವರೆಗೆ. ಕೊನೆಯಲ್ಲಿ ಚಿತ್ರ ನಿಲ್ಲಿಸಿ, ಅದರೊಳಗೆ ಹೊಕ್ಕು, ಬಣ್ಣ ತುಂಬಿ, ಒಂದೆರಡು ಸೆಕೆಂಡಿನಲ್ಲಿ ಸರ್ರನೆ ಹಿಮ್ಮುಖವಾಗಿ ಓಡಿಸಬೇಕು. ಹಾವು ಹಿಂದಕ್ಕೆ ಹರಿಯುತ್ತದೆ, ಕಿರುಚಾಟ ಬಾಯೊಳಗೆ ಹೋಗುತ್ತದೆ. ಹೀಗೆ ಕೆಲವು ಸಲ.

ಭಯದ ನೆನಪನ್ನು ಸುರಕ್ಷಿತ ದೂರದಿಂದ ಮತ್ತೆ ಮತ್ತೆ ಎದುರಿಸುವುದರಲ್ಲಿ ತರ್ಕವಿದೆ. 1958ರಲ್ಲಿಯೇ ಜೋಸೆಫ್ ವೋಲ್ಪಿ ಶಾಂತ ಸ್ಥಿತಿಯಲ್ಲಿ ಭಯವನ್ನು ಕಲ್ಪಿಸಿಕೊಂಡು ಹಂತಹಂತವಾಗಿ ಎದುರಿಸುವ ಚಿಕಿತ್ಸೆಯನ್ನು ವಿವರಿಸಿದ್ದರು. ಸ್ವೀಡನ್ನಿನ ಲಾರ್ಸ್ ಗೋರಾನ್ ಓಸ್ಟ್ 1989ರಲ್ಲಿ ಇನ್ನೂ ಮುಂದೆ ಹೋದರು. ಜೇಡದ ಭಯವಿದ್ದವರನ್ನು ಒಂದೇ ಬೈಠಕ್ಕಿನಲ್ಲಿ, ಹೆಚ್ಚೆಂದರೆ ಮೂರು ಗಂಟೆ, ನಿಜವಾದ ಜೇಡದ ಹತ್ತಿರ ಒಂದೊಂದೇ ಹೆಜ್ಜೆ ಕರೆದೊಯ್ಯುವ ಪದ್ಧತಿ ಅದು. ಬೇಗ ಗುಣವಾಗುವುದು ಅಸಾಧ್ಯ ಎಂದು ವಿಜ್ಞಾನ ಹಟ ಹಿಡಿದಿಲ್ಲ ಎಂಬುದಕ್ಕೆ ಈ ಪದ್ಧತಿಯೇ ಸಾಕ್ಷಿ. ವ್ಯತ್ಯಾಸ ಇಷ್ಟೇ: ಓಸ್ಟ್ ಪದ್ಧತಿಯನ್ನು ಬೇರೆ ಬೇರೆ ದೇಶಗಳ ಸಂಶೋಧಕರು ದೊಡ್ಡವರ ಮೇಲೆ, ಮಕ್ಕಳ ಮೇಲೆ, ಹೋಲಿಕೆಯ ಗುಂಪು ಇಟ್ಟುಕೊಂಡು ಪರೀಕ್ಷಿಸಿದರು, ಅದು ನಿಂತಿತು. ಚಿತ್ರಮಂದಿರದ ತಂತ್ರಕ್ಕೆ ದಶಕಗಳ ಕಾಲ ಹೆಚ್ಚಾಗಿ ವೇದಿಕೆಯ ಮೇಲಿನ ಪ್ರದರ್ಶನಗಳೇ ಆಧಾರವಾಗಿದ್ದವು. ಈಚೆಗೆ ಇದೇ ತಂತ್ರವನ್ನು ಮಾರ್ಪಡಿಸಿ, ಯುದ್ಧದಿಂದ ಮರಳಿದ ಸೈನಿಕರ ಆಘಾತದ ನೆನಪುಗಳಿಗೆ ಬಳಸುವ ಪ್ರಯೋಗಗಳು ಅಮೆರಿಕ, ಬ್ರಿಟನ್ನುಗಳಲ್ಲಿ ನಡೆದಿವೆ. ಸಣ್ಣ ಗುಂಪುಗಳ ಮೇಲೆ ಸಿಕ್ಕ ಮೊದಲ ಫಲಿತಾಂಶಗಳು ಆಶಾದಾಯಕವಾಗಿವೆ. ಅದು ದೊಡ್ಡ ಪರೀಕ್ಷೆಗಳಲ್ಲೂ ನಿಂತರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ಎನ್‌ಎಲ್‌ಪಿಯ ಉಳಿದ ಭಾಗಗಳು ನಡೆಯಬೇಕಿದ್ದ ದಾರಿಯೂ ಅದೇ.

ಒಟ್ಟಾರೆ ಲೆಕ್ಕ ಮಾಡಿದವರು ಇದ್ದಾರೆ. ಪೋಲೆಂಡಿನ ತೋಮಾಷ್ ವಿಟ್‌ಕೋವ್‌ಸ್ಕಿ 2010ರಲ್ಲಿ, ಎನ್‌ಎಲ್‌ಪಿ ಬೆಂಬಲಿಗರೇ ಹೆಮ್ಮೆಯಿಂದ ತೋರಿಸುವ 315 ಬರಹಗಳ ಸಂಗ್ರಹವನ್ನು ಕೈಗೆತ್ತಿಕೊಂಡರು. ಮಾನ್ಯ ಪತ್ರಿಕೆಗಳಲ್ಲಿ ಬಂದವು ಅದರಲ್ಲಿ 63. ಅವುಗಳಲ್ಲಿ ನಿಜವಾಗಿ ಪ್ರಯೋಗ ಮಾಡಿ ಬರೆದದ್ದು 33. ಈ 33ರಲ್ಲಿ ಎನ್‌ಎಲ್‌ಪಿಯ ಹೇಳಿಕೆಗಳನ್ನು ಬೆಂಬಲಿಸಿದ್ದು ಶೇ 18.2, ಬೆಂಬಲಿಸದ್ದು ಶೇ 54.5, ಉಳಿದವು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಕಾಯಿಲೆಗಳ ವಿಷಯದಲ್ಲಿ ಬ್ರಿಟನ್ನಿನ ಜಾಕಿ ಸ್ಟರ್ಟ್ ಮತ್ತು ತಂಡ 2012ರಲ್ಲಿ ನಡೆಸಿದ ಪರಿಶೀಲನೆ ನಮಗೆ ಹೆಚ್ಚು ಮುಖ್ಯ. ಆತಂಕ, ತೂಕ ನಿಯಂತ್ರಣ, ಬಸಿರಿನ ವಾಂತಿ, ಮಾದಕ ವಸ್ತುಗಳ ಚಟ, ಎಂಆರ್‌ಐ ಯಂತ್ರದೊಳಗಿನ ಭಯ, ಇಂಥವುಗಳ ಮೇಲೆ ಅವರ ಮಾನದಂಡಕ್ಕೆ ಸಿಕ್ಕ ಅಧ್ಯಯನಗಳು 10. ಎನ್‌ಎಲ್‌ಪಿಯಿಂದ ಆರೋಗ್ಯ ಸುಧಾರಿಸುತ್ತದೆ ಎನ್ನಲು ಪುರಾವೆ ತೀರಾ ಕಡಿಮೆ, ಸಂಶೋಧನೆಯನ್ನು ಬಿಟ್ಟರೆ ಸರ್ಕಾರಿ ಆರೋಗ್ಯ ಸೇವೆ ಇದಕ್ಕೆ ಹಣ ಹಾಕಲು ಸಾಕಷ್ಟು ಆಧಾರವಿಲ್ಲ ಎಂದು ಅವರು ಬರೆದರು. ಇನ್ನೊಂದು ಕಡೆಯ ಮಾತೂ ಇದೆ. 2015ರಲ್ಲಿ ಎನ್‌ಎಲ್‌ಪಿ ಮೂಲದ ಮನೋಚಿಕಿತ್ಸೆಯ ಬಗ್ಗೆ ಪ್ರಕಟವಾದ ಸಂಖ್ಯಾ ವಿಶ್ಲೇಷಣೆಯೊಂದು ಅನುಕೂಲಕರ ಫಲ ಕಂಡಿದೆ. ಆದರೆ ಅದು ನಿಂತಿರುವುದು ಕೆಲವೇ ಸಣ್ಣ ಅಧ್ಯಯನಗಳ ಮೇಲೆ.

ಬೆಂಬಲಿಗರ ಉತ್ತರವನ್ನು ಪೂರ್ತಿ ಕೇಳಬೇಕು. ‘ನಮ್ಮದು ಸಿದ್ಧಾಂತವಲ್ಲ, ಮಾದರಿ. ಅದು ಸತ್ಯವೇ ಎಂದು ಕೇಳಬೇಡಿ, ಕೆಲಸ ಮಾಡುತ್ತದೆಯೇ ಎಂದು ಕೇಳಿ. ಪರೀಕ್ಷಿಸಿದವರಿಗೆ ತಂತ್ರವೇ ಸರಿಯಾಗಿ ಬರುತ್ತಿರಲಿಲ್ಲ’ ಎನ್ನುತ್ತಾರೆ. ಕೊನೆಯ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ಮೊದಮೊದಲ ಅಧ್ಯಯನಗಳಲ್ಲಿ ಕೆಲವು ಅವಸರದವು. ಆದರೆ ಮೇಲಿನ ಪರಿಶೀಲನೆಗಳು ಕೇಳಿದ್ದೂ ‘ಕೆಲಸ ಮಾಡುತ್ತದೆಯೇ’ ಎಂದೇ. ಐವತ್ತು ವರ್ಷ ಕಳೆದಿದೆ, ಲಕ್ಷಾಂತರ ಜನ ಶುಲ್ಕ ಕಟ್ಟಿದ್ದಾರೆ. ತಂತ್ರ ಸರಿಯಾಗಿ ಬಲ್ಲವರೇ ಸರಿಯಾದ ಪ್ರಯೋಗ ನಡೆಸಿ ತೋರಿಸಲು ಇದಕ್ಕಿಂತ ಹೆಚ್ಚು ಸಮಯ, ಹಣ ಬೇಕೇ?

ಹಾಗಿದ್ದರೂ ‘ನನಗೆ ಉಪಯೋಗವಾಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಎರಡು ದಿನ ಮೊಬೈಲ್ ಬದಿಗಿಟ್ಟು, ನಮ್ಮ ಮಾತನ್ನು ಯಾರೋ ಮನಸ್ಸಿಟ್ಟು ಕೇಳಿದರೆ, ಗುಂಪಿನಲ್ಲಿ ಇತರರ ಕಷ್ಟ ಕೇಳಿ ನಮ್ಮದು ಒಂಟಿ ಕಷ್ಟವಲ್ಲ ಎಂದು ಗೊತ್ತಾದರೆ ಮನಸ್ಸು ಹಗುರಾಗುತ್ತದೆ. ಚಿಕಿತ್ಸಕರ ಮೇಲಿನ ವಿಶ್ವಾಸ, ಗುಣವಾಗುತ್ತದೆಂಬ ನಿರೀಕ್ಷೆ, ಇವೆರಡೂ ಎಲ್ಲ ಬಗೆಯ ಮನೋಚಿಕಿತ್ಸೆಯಲ್ಲೂ ಕೆಲಸ ಮಾಡುತ್ತವೆ. ಸಾಲ್ ರೋಸೆನ್‌ಜ್ವೈಗ್ 1936ರಲ್ಲಿಯೇ ಇದನ್ನು ಗುರುತಿಸಿದ್ದರು. ಇನ್ನೂ ಒಂದಿದೆ. ಸಂಕಟ ತೀರಾ ಹೆಚ್ಚಿದಾಗಲೇ ನಾವು ಪರಿಹಾರ ಹುಡುಕಿ ಹೋಗುವುದು, ಅದು ತಾನಾಗಿ ಇಳಿಯುವ ಸಮಯವೂ ಎಷ್ಟೋ ಸಲ ಅದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ.

ಅನುಭವದ ತೀವ್ರತೆ ಬೇರೆ, ಕಾರಣ ಬೇರೆ ಎಂಬುದಕ್ಕೆ ಕೆಂಡದ ಮೇಲಿನ ನಡಿಗೆ ಒಳ್ಳೆಯ ಸಾಕ್ಷಿ. 1980ರ ದಶಕದಲ್ಲಿ ಎನ್‌ಎಲ್‌ಪಿ ಕಲಿತು ಅದನ್ನು ಜನಪ್ರಿಯಗೊಳಿಸಿದ ಟೋನಿ ರಾಬಿನ್ಸ್ ತಮ್ಮ ಶಿಬಿರಗಳಲ್ಲಿ ಜನರನ್ನು ಕೆಂಡದ ಮೇಲೆ ನಡೆಸುತ್ತಾರೆ. ಮನಸ್ಸು ಗೆದ್ದರೆ ಬೆಂಕಿಯೂ ಸುಡದು ಎಂಬ ಭಾವ ಹೊತ್ತು ಜನ ಹೊರಬರುತ್ತಾರೆ. ನಮ್ಮೂರ ಜಾತ್ರೆಗಳಲ್ಲಿ ಕೊಂಡ ಹಾಯುವವರನ್ನು ಚಿಕ್ಕಂದಿನಿಂದ ನೋಡಿದ ನಮಗೆ ಇದು ಹೊಸದಲ್ಲ. ಬೂದಿ ಕವಿದ ಕಟ್ಟಿಗೆ ಕೆಂಡ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ, ಒಂದೊಂದು ಹೆಜ್ಜೆ ತಾಗುವುದು ಸೆಕೆಂಡಿಗೂ ಕಡಿಮೆ ಹೊತ್ತು. ಭಕ್ತರನ್ನೂ ಮ್ಯಾನೇಜರುಗಳನ್ನೂ ಕಾಯುವುದು ಈ ಭೌತಶಾಸ್ತ್ರ. ಹೆಜ್ಜೆ ನಿಧಾನವಾದರೆ ಅದು ಕಾಯುವುದಿಲ್ಲ. 2016ರ ಜೂನ್‌ನಲ್ಲಿ ಡಲ್ಲಾಸ್‌ನ ರಾಬಿನ್ಸ್ ಶಿಬಿರದಲ್ಲಿ 30ಕ್ಕೂ ಹೆಚ್ಚು ಜನರಿಗೆ ಸುಟ್ಟ ಗಾಯಗಳಾದವು.

ಸರ್ಟಿಫಿಕೇಟಿನ ಬೆಲೆಯೇನು? ಎನ್‌ಎಲ್‌ಪಿಯ ಹೆಸರು ಯಾರ ಸ್ವತ್ತು ಎಂಬ ಬಗ್ಗೆ ಸ್ಥಾಪಕರ ನಡುವೆಯೇ ಅಮೆರಿಕದಲ್ಲಿ ಕೋರ್ಟು ವ್ಯಾಜ್ಯ ನಡೆಯಿತು. ಕೊನೆಗೆ ಅದು ಯಾರೊಬ್ಬರ ಸ್ವತ್ತಾಗಿಯೂ ಉಳಿಯಲಿಲ್ಲ. ಪರಿಣಾಮವಾಗಿ ಯಾರು ಬೇಕಾದರೂ ಸಂಸ್ಥೆ ತೆರೆದು ಪ್ರಾಕ್ಟೀಷನರ್ ಪಟ್ಟ ಕೊಡಬಹುದು. 2009ರಲ್ಲಿ ಬಿಬಿಸಿಯ ಪತ್ರಕರ್ತ ಕ್ರಿಸ್ ಜ್ಯಾಕ್ಸನ್ ಈ ವ್ಯವಸ್ಥೆಯನ್ನು ಪರೀಕ್ಷಿಸಲು ತಮ್ಮ ಬೆಕ್ಕು ಜಾರ್ಜ್ ಹೆಸರಿನಲ್ಲಿ ಅರ್ಜಿ ಹಾಕಿದರು. ಎನ್‌ಎಲ್‌ಪಿಯದೂ ಸೇರಿ ಬ್ರಿಟನ್ನಿನ ಮೂರು ಸಂಸ್ಥೆಗಳಲ್ಲಿ ಬೆಕ್ಕಿಗೆ ಸದಸ್ಯತ್ವ ಸಿಕ್ಕಿತು.

ನಮ್ಮಲ್ಲಿ ಕಾನೂನು ಒಂದಿಷ್ಟು ಸ್ಪಷ್ಟವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಯಾರನ್ನು ಮಾನಸಿಕ ಆರೋಗ್ಯ ವೃತ್ತಿಪರರೆಂದು ಕರೆಯಬೇಕೆಂದು ಹೇಳಿದೆ. ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು ಮನೋವೈದ್ಯರು, ಔಷಧ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಬೇಕು; ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ನೋಡಬಹುದು. ನಿಮ್ಹಾನ್ಸ್‌ನಲ್ಲಿ ಈ ತರಬೇತಿ 1950ರ ದಶಕದಿಂದಲೂ ನಡೆದಿದೆ. ‘ಎನ್‌ಎಲ್‌ಪಿ ಪ್ರಾಕ್ಟೀಷನರ್’ ಎಂಬುದು ಆ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ವಾರಾಂತ್ಯದ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿಕೊಂಡವರಿಗೆ ಆತ್ಮಹತ್ಯೆಯ ಸುಳಿವು ಗುರುತಿಸಲು ಬರುತ್ತದೆಯೇ, ಥೈರಾಯ್ಡ್ ಏರುಪೇರಿನಿಂದ ಬಂದ ಮಂಕನ್ನು ಖಿನ್ನತೆಯಿಂದ ಬೇರ್ಪಡಿಸಿ ಪರೀಕ್ಷೆಗೆ ಕಳಿಸುವಷ್ಟು ತಿಳಿದಿದೆಯೇ? ನನ್ನನ್ನು ಹೆಚ್ಚು ಕಾಡುವುದು ಶುಲ್ಕದ ಹಣವಲ್ಲ, ಸರಿಯಾದ ಚಿಕಿತ್ಸೆಗೆ ಹೋಗದೆ ಕಳೆದುಹೋಗುವ ತಿಂಗಳುಗಳು.

ಆದ್ದರಿಂದ ನನ್ನ ತೀರ್ಮಾನ ಇದು. ಚೆನ್ನಾಗಿ ಕೇಳುವುದು, ‘ಯಾವಾಗಲೂ’ ಎಂಬ ಮಾತನ್ನು ಪ್ರಶ್ನಿಸುವುದು, ಎದುರಿನವರ ಮಾತಿನ ಗತಿಗೆ ಹೊಂದಿಕೊಳ್ಳುವುದು ಇವನ್ನು ಕಲಿಯಲು ಎನ್‌ಎಲ್‌ಪಿ ಶಿಬಿರಕ್ಕೆ ಹೋಗುವವರು ಹೋಗಲಿ, ಕೆಡುಕೇನಿಲ್ಲ. ಅದಕ್ಕೆ ಲಕ್ಷ ರೂಪಾಯಿ ಕೊಡಬೇಕಿಲ್ಲ. ಕಣ್ಣು ನೋಡಿ ಸುಳ್ಳು ಹಿಡಿಯುವುದು, ಮಕ್ಕಳನ್ನು ಇಂದ್ರಿಯಗಳಿಂದ ವಿಂಗಡಿಸುವುದು ಇವನ್ನು ಬಿಟ್ಟುಬಿಡಿ. ಮನಸ್ಸಿನ ಕಾಯಿಲೆಯನ್ನು ಇದರಿಂದ ಗುಣಪಡಿಸುತ್ತೇನೆಂದು ಯಾರಾದರೂ ಹೇಳಿದರೆ ಅವರ ನೋಂದಣಿ ಸಂಖ್ಯೆ ಕೇಳಿ. ಔಷಧ ನಿಲ್ಲಿಸಿ ಎಂದರೆ ಅಲ್ಲಿಂದ ಎದ್ದು ಬನ್ನಿ.

ಮನೆಯಲ್ಲಿ ಯಾರಿಗಾದರೂ ನಿದ್ದೆಯಿಲ್ಲದ ರಾತ್ರಿಗಳು, ಬಿಡದ ಭಯ, ಬದುಕು ಸಾಕೆಂಬ ಮಾತು ಇದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿಸಿ. ಅಲ್ಲಿಗೆ ಹೋಗಲು ಹಿಂಜರಿಕೆಯಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.